ಭಾವನ ಹಳದಿ ಗೆರೆ

ನಮ್ಮ ಭಾವನಿಗೂ ಎಲ್ಲರಂತೆ ಎರಡು ಕಣ್ಣುಗಳಿವೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ನನಗೆ ಅನುಮಾನ. ಅಲ್ಲಿರುವುದು ಒಂದು ಮೂಲೆಮಟ್ಟ, ಇನ್ನೊಂದು ರಸಮಟ್ಟ. ಯಾರ ಮನೆಗೆ ಹೋದರೂ ಅವರು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಬಾಗಿಲ ಚೌಕಟ್ಟನ್ನು. ಮದುವೆಯ ಮಾತಿಗೆಂದು ನಮ್ಮ ಮನೆಗೆ ಮೊದಲ ಸಲ ಬಂದಾಗ ಕುರ್ಚಿಯಲ್ಲಿ ಕೂತು ಐದು ನಿಮಿಷ ಬಾಯಿಯೇ ಬಿಡಲಿಲ್ಲ. ಆಮೇಲೆ ನಮ್ಮಪ್ಪನಿಗೆ ಹೇಳಿದ್ದು ಇಷ್ಟು: "ನಿಮ್ಮ ಗಡಿಯಾರ ಎಡಕ್ಕೆ ವಾಲಿದೆ." ಅಪ್ಪ ಎದ್ದು ಸರಿಮಾಡಿದರು. "ಈಗ ಬಲಕ್ಕೆ ವಾಲಿತು," ಎಂದರು ಭಾವ. ಒಳಗಿನಿಂದ ಅಕ್ಕ ಕಿಸಕ್ಕನೆ ನಕ್ಕಳು. ಆ ಒಂದು ನಗುವಿಗೆ ಮೂವತ್ತು ವರ್ಷದಿಂದ ಅನುಭವಿಸುತ್ತಿದ್ದಾಳೆ.

ಕೈಗಾರಿಕಾ ಪ್ರದೇಶದ ನಾಲ್ಕನೇ ರಸ್ತೆಯ ಕೊನೆಯಲ್ಲಿ, ಒಂದು ಸಣ್ಣ ಓಣಿ ಒಳಗೆ ತಿರುಗುವ ಮೂಲೆಯಲ್ಲಿ ಅವರ ಶೆಡ್ಡು. ಎದುರಿನ ದೊಡ್ಡ ಕಾರ್ಖಾನೆಯಿಂದ ಉಕ್ಕಿನ ತಗಡು ಬರುತ್ತದೆ. ಭಾವ ಅದನ್ನು ಮೇಜಿನ ಮೇಲೆ ಹಾಸಿ, ಕಾರ್ಖಾನೆಯವರು ಕೊಟ್ಟ ನಕ್ಷೆ ನೋಡಿಕೊಂಡು, ಉಕ್ಕಿನ ಮೊಳೆಯಿಂದ ಗೆರೆ ಎಳೆಯುತ್ತಾರೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಬಗ್ಗಿಸಬೇಕು, ಎಲ್ಲಿ ತೂತು ಬೀಳಬೇಕು ಎಲ್ಲವೂ ಆ ಗೆರೆಯಲ್ಲೇ ಇರುತ್ತದೆ. ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವಳು ನನ್ನ ಅಕ್ಕ. ಜೊತೆಗೆ ಇಬ್ಬರು ಕೆಲಸಗಾರರು. ಊರಿನಲ್ಲಿ ಎಲ್ಲರೂ ಭಾವನನ್ನು ಗೆರೆ ಮೇಸ್ತ್ರಿ ಎನ್ನುತ್ತಾರೆ. ನಿಜವಾದ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಇದೆ, ಆ ಲೈಸೆನ್ಸಿನದೇ ಈ ಕತೆ.

ಭಾವನದೊಂದು ವೇದವಾಕ್ಯವಿದೆ. ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಮೊದಲು ಅದನ್ನು ಕೇಳಿಸಿಕೊಳ್ಳಬೇಕು. "ಗೆರೆ ಎಳೆಯೋನು ಯೋಚನೆ ಮಾಡ್ಬೇಕು. ಕತ್ತರಿಸೋರು ಯೋಚನೆ ಮಾಡಲ್ಲ. ಗೆರೆ ಎಲ್ಲಿದೆಯೋ ಅಲ್ಲೇ ಹೋಗ್ತಾರೆ."

ಅಕ್ಕ ಯಂತ್ರದ ಹಿಂದಿನಿಂದ ಹೇಳುತ್ತಾಳೆ: "ಹೌದ್ರೀ, ಯೋಚನೆ ಮಾಡಿದ್ರೆ ನಿಮ್ಮನ್ನ ಮದುವೆ ಆಗ್ತಿದ್ನಾ?"

ಓಣಿಯ ಈಚೆ ಪಕ್ಕದ ಶೆಡ್ಡು ನನ್ನದು, ಬೋಲ್ಟು ನಟ್ಟಿನ ಅಂಗಡಿ. ಹಾಗಾಗಿ ಭಾವನ ಬಾಯಲ್ಲಿ ನಾನು 'ಬೋಲ್ಟು'. ಅಂಗಡಿಯಲ್ಲಿ ಡಬ್ಬಿಗಳನ್ನು ಜೋಡಿಸಿಡುವ ಒಂದು ಉದ್ದ ಹಲಗೆಯಿದೆ, ನಾನೇ ಹೊಡೆದದ್ದು. ಭಾವ ದಿನಾ ಬೆಳಿಗ್ಗೆ ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, ಹಲಗೆಯತ್ತ ನೋಡಿ "ಕಾಲಿಂಚು ಇಳಿದಿದೆ, ಬೋಲ್ಟು" ಎನ್ನುತ್ತಾರೆ. ಇಪ್ಪತ್ತು ವರ್ಷ ದಿನಾ ಇದೇ ಮಾತು. ಗಿರಾಕಿಗಳಿರಲಿ, ನನ್ನ ಹೆಂಡತಿಯ ಕಡೆಯವರಿರಲಿ, ಬಿಡುವುದಿಲ್ಲ. ಆ ಕಾಲಿಂಚು ನನ್ನ ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಹಳದಿ ಗೆರೆಯ ವಿಷಯ. ತಗಡು ತರುವ ಲಾರಿಗಳು ಓಣಿಗೆ ತಿರುಗುವಾಗ ಭಾವನ ಶೆಡ್ಡಿನ ಗೋಡೆಯನ್ನು ತಿಂಗಳಿಗೊಮ್ಮೆ ಮುದ್ದಾಡಿಕೊಂಡೇ ಹೋಗುತ್ತಿದ್ದವು. ಹನ್ನೆರಡು ವರ್ಷದ ಹಿಂದೆ ಒಂದು ರಜೆಯ ದಿನ ಭಾವ ಸುಣ್ಣದ ಪುಡಿ ಹಚ್ಚಿದ ದಾರ, ಯಂತ್ರಕ್ಕೆ ಬಳಿದು ಉಳಿದಿದ್ದ ಹಳದಿ ಬಣ್ಣ, ಒಂದು ಬ್ರಷ್ಷು ತೆಗೆದುಕೊಂಡು ರಸ್ತೆಗಿಳಿದರು. ರಸ್ತೆಯ ನಡುವೆ ನೂರು ಅಡಿ ನೇರ ಗೆರೆ. ಮೂಲೆಯಲ್ಲಿ ಮೊಳೆ ಹೊಡೆದು, ಹಗ್ಗ ಕಟ್ಟಿ, ಆ ಹಗ್ಗವನ್ನೇ ಕಂಪಾಸಿನಂತೆ ತಿರುಗಿಸಿ ಓಣಿಯೊಳಕ್ಕೆ ಒಂದು ತಿರುವು. ಚಾಲಕರು ಎಡಗಡೆಯ ಚಕ್ರವನ್ನು ಗೆರೆಯ ಮೇಲಿಟ್ಟರೆ ಸಾಕು, ಲಾರಿ ತಾನಾಗಿ ಒಳಗೆ ಹೋಗುತ್ತಿತ್ತು. ಆಮೇಲೆ ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಪ್ರತಿ ವರ್ಷ ಭಾವ ಅದಕ್ಕೆ ಹೊಸದಾಗಿ ಬಣ್ಣ ಬಳಿಯುತ್ತಿದ್ದರು. ನಮ್ಮ ಊರಿನ ರಸ್ತೆಗಳ ಮೇಲೆ ಗುಂಡಿ ಬಿಟ್ಟರೆ ಎದ್ದು ಕಾಣುತ್ತಿದ್ದದ್ದು ಅದೊಂದೇ.

ಹೀಗಿರುವಾಗ ಸರ್ಕಾರಕ್ಕೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ನಗರಸಭೆ ತೀರಾ ದೊಡ್ಡದಾಗಿದೆ, ಆಡಳಿತ ಜನರ ಹತ್ತಿರ ಬರಬೇಕು ಎಂದು ಅದನ್ನು ಎರಡು ಮಾಡಿದರು. ಒಂದು ನಗರಸಭೆ ಒಂದು ಚರಂಡಿ ತೆಗೆಸಲಾರದೆ ಒದ್ದಾಡುತ್ತಿತ್ತು, ಈಗ ಎರಡು ನಗರಸಭೆಗಳು ಸೇರಿ ಒದ್ದಾಡಬಹುದು. ಒಂದನೇ ನಗರಸಭೆ, ಎರಡನೇ ನಗರಸಭೆ ಎಂದು ಹೆಸರು. ಯಾರು ಒಂದನೆಯವರು ಎಂಬ ಜಗಳ ಮುಗಿಯಲು ಮೂರು ತಿಂಗಳು ಹಿಡಿಯಿತು. ಆಮೇಲೆ ಹೊಸ ಬೋರ್ಡು, ಹೊಸ ಮೊಹರು, ಹೊಸ ಕಾರು ಬಂದವು. ಕಸದ ಗಾಡಿ ಮಾತ್ರ ಯಾರ ಪಾಲಿಗೆ ಎಂದು ತೀರ್ಮಾನವಾಗದೆ ಅಲ್ಲೇ ಮರದ ಕೆಳಗೆ ನಿಂತಿತು.

ಹೊಸ ಗಡಿಯ ಬಗ್ಗೆ ಆದೇಶದಲ್ಲಿ ಸ್ಪಷ್ಟವಾಗಿಯೇ ಇತ್ತು. ನಾಲ್ಕನೇ ರಸ್ತೆಯ ಮಧ್ಯದಿಂದ ಹೋಗಿ, ಓಣಿಯನ್ನು ದಾಟಿ, ಮುಂದಿನ ಮೋರಿ ಸೇತುವೆಯವರೆಗೆ. ಅಂದರೆ ರಸ್ತೆಯ ನಮ್ಮ ಬದಿಯ ನಲವತ್ತು ಶೆಡ್ಡೂ ಎರಡನೇ ನಗರಸಭೆಗೆ, ಎದುರು ಬದಿಯ ಕಾರ್ಖಾನೆ ಒಂದನೇ ನಗರಸಭೆಗೆ. ಚಿಕ್ಕ ಮಕ್ಕಳಿಗೂ ಅರ್ಥವಾಗುವ ವಿಷಯ. ಆದರೆ ಅದನ್ನು ನೆಲದ ಮೇಲೆ ಗುರುತಿಸಲು ಬಂದವರು ಸರ್ವೇಯರು.

ಅವರು ಬಂದದ್ದು ಸುಡುಬಿಸಿಲಿನಲ್ಲಿ. ಒಬ್ಬರು ಸರ್ವೇಯರು, ಅವರ ಟೇಪು ಹಿಡಿಯಲು ಒಬ್ಬ ಸಹಾಯಕ. ರಸ್ತೆಯ ಮಧ್ಯ ಯಾವುದು ಎಂದು ಹುಡುಕಿದರು. ರಸ್ತೆಗೆ ಅಂಚೇ ಇಲ್ಲದಿರುವಾಗ ಮಧ್ಯ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಸರ್ವೇಯರಿಗೆ ಹಳದಿ ಗೆರೆ ಕಂಡಿತು. ಮರುಭೂಮಿಯಲ್ಲಿ ನೀರು ಕಂಡವರಂತೆ ಅದರ ಮೇಲೆ ಬಿದ್ದರು. "ಇಲ್ಲೇ ಇದೆಯಲ್ರೀ ಗುರುತು! ಹಳೇ ಇಲಾಖೆಯವರು ಎಷ್ಟು ಚೆನ್ನಾಗಿ ಮಾಡಿದ್ದಾರೆ! ಈಗ ಇಂಥ ಕೆಲಸ ಯಾರಿಗೆ ಬರುತ್ತೆ?"

ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಈ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಶೆಡ್ಡಿನಿಂದ ಹೊರಗೆ ಬಂದರು. ಹನ್ನೆರಡು ವರ್ಷದಲ್ಲಿ ಆ ಗೆರೆಯನ್ನು ಬಾಯಿಬಿಟ್ಟು ಹೊಗಳಿದ ಮೊದಲ ಮನುಷ್ಯ ಈ ಸರ್ವೇಯರು. ನಿಮಗೇಕೆ ಇದು, ಏನು ಅಳೆಯುತ್ತಿದ್ದೀರಿ ಎಂದು ಕೇಳಬೇಕು ತಾನೆ? ಕೇಳಲಿಲ್ಲ. "ಅದು ನಾನು ಎಳೆದದ್ದು" ಎಂದು ಹೇಳಬೇಕಿತ್ತಾ? ಹೇಳಿದರು. ಎದೆಯುಬ್ಬಿಸಿ ಹೇಳಿದರು. ಸರ್ವೇಯರು ಅದನ್ನು "ಸ್ಥಳೀಯ ಪರಿಣತರು ಗುರುತಿಸಿದ ಗೆರೆ" ಎಂದು ಬರೆದುಕೊಂಡರು. ಭಾವ ಅವರಿಗೆ ಟೀ ತರಿಸಿದರು, ಸಹಾಯಕನ ಕೈಯಿಂದ ಟೇಪಿನ ತುದಿ ಕಿತ್ತುಕೊಂಡು ತಾವೇ ಹಿಡಿದರು, ತಿರುವಿನ ಸುತ್ತ ಅವರನ್ನು ನಡೆಸಿಕೊಂಡು ಹೋಗಿ ಮೊಳೆ ಹೊಡೆದ ತೂತನ್ನೂ ತೋರಿಸಿದರು.

ಇಷ್ಟಕ್ಕೆ ಮುಗಿದಿದ್ದರೂ ಬದುಕಿಕೊಳ್ಳಬಹುದಿತ್ತು. ಸರ್ವೇಯರು ನಕ್ಷೆ ಬಿಡಿಸಿ, ಗೆರೆ ಹೋದ ಹಾಗೆ ಗಡಿ ಎಳೆದರು. ತಿರುವಿನ ಹತ್ತಿರ ಅವರ ಪೆನ್ಸಿಲು ನಡುಗಿತು. ಭಾವನಿಗೆ ನೋಡಲಾಗಲಿಲ್ಲ. "ಹೀಗಾ ಎಳೆಯೋದು? ಕೊಡಿ ಇಲ್ಲಿ," ಎಂದು ನಕ್ಷೆಯನ್ನು ತಮ್ಮ ಮೇಜಿಗೆ ತಂದು, ಕಂಪಾಸು ತೆಗೆದು, ಓಣಿಯೊಳಗೆ ತಿರುಗುವ ಗಡಿಯನ್ನು ತಮ್ಮ ಕೈಯಾರೆ ಅಚ್ಚುಕಟ್ಟಾಗಿ ಬಿಡಿಸಿಕೊಟ್ಟರು. ಕೆಳಗೆ ಸಾಕ್ಷಿಯ ಸಹಿಯನ್ನೂ ಹಾಕಿದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಎನ್ನುವುದು ಇದಕ್ಕೇ. ನಾನು ನೋಡುತ್ತಲೇ ಇದ್ದೆ, ನನಗೂ ಹೊಳೆಯಲಿಲ್ಲ. ಬೋಲ್ಟು ಮಾರುವವನ ಬುದ್ಧಿ ಎಷ್ಟಿದ್ದೀತು?

ಎರಡು ತಿಂಗಳಿಗೆ ಗೊತ್ತಾಯಿತು. ಗಡಿ ಮೋರಿ ಸೇತುವೆಗೆ ಹೋಗದೆ ಓಣಿಯಲ್ಲಿ ತಿರುಗಿದ್ದರಿಂದ, ಓಣಿಯ ಆಚೆ ಮೂಲೆಯಲ್ಲಿದ್ದ ಭಾವನ ಶೆಡ್ಡೊಂದೇ ಒಂದನೇ ನಗರಸಭೆಗೆ ಹೋಗಿತ್ತು. ನಮ್ಮ ಬದಿಯ ಮೂವತ್ತೊಂಬತ್ತು ಶೆಡ್ಡು ಎರಡನೆಯದರಲ್ಲಿ, ಅದೊಂದು ಮಾತ್ರ ಬಾಯಿಂದ ಹೊರಗೆ ಚಾಚಿದ ಹಲ್ಲಿನ ಹಾಗೆ ಒಂದನೆಯದರಲ್ಲಿ. ಶೆಡ್ಡಿನ ಲೈಸೆನ್ಸು ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಲೈಸೆನ್ಸು ಇಲ್ಲದ ಶೆಡ್ಡಿಗೆ ದೊಡ್ಡ ಕಾರ್ಖಾನೆಯವರು ಕೆಲಸ ಕೊಡುವುದಿಲ್ಲ. ತಾರೀಖು ದಾಟಿತೆಂದರೆ ಅವರ ಕಂಪ್ಯೂಟರೇ ಹೆಸರು ಅಳಿಸಿಹಾಕುತ್ತದೆ, ಮತ್ತೆ ಸೇರಿಸಿಕೊಳ್ಳಲು ವರ್ಷ ಬೇಕು. ಅಕ್ಕ ಭಾವ ಇಬ್ಬರಿಗೂ ಬೇರೆ ಗಿರಾಕಿ ಇಲ್ಲ.

ಭಾವ ಒಂದನೇ ನಗರಸಭೆಗೆ ಹೋದರು. "ನಿಮ್ಮ ಶೆಡ್ಡು ನಮ್ಮದೇ. ಸಂತೋಷ. ಚರಂಡಿ ಜೋಡಣೆ ಪತ್ರ ತನ್ನಿ," ಎಂದರು. ಚರಂಡಿ ಇರುವುದು ಎರಡನೇ ನಗರಸಭೆಯಲ್ಲಿ. ಅಲ್ಲಿಗೆ ಹೋದರು. "ನಮ್ಮಲ್ಲಿ ಇಲ್ಲದ ಶೆಡ್ಡಿಗೆ ಪತ್ರ ಕೊಡೋದು ಹೇಗೆ? ನೋಡಿದ್ರೆ ನೀವು ನಮ್ಮ ಚರಂಡಿಗೆ ನೀರು ಬಿಡ್ತಿರೋದೇ ಅಕ್ರಮ. ನೋಟಿಸು ಕೊಡ್ಬೇಕು." ಮಾರನೆಯ ದಿನ ಕೊಟ್ಟೇಬಿಟ್ಟರು. ಪತ್ರ ಕೊಡಲು ಇಲ್ಲದ ವ್ಯಾಪ್ತಿ ನೋಟಿಸು ಕೊಡಲು ಇತ್ತು.

"ಒಬ್ಬ ಅತ್ತೆ ಸಾಲದೂಂತ ಇಬ್ಬರು ಅತ್ತೇರು ಬಂದ್ರು ನನಗೆ," ಎಂದಳು ಅಕ್ಕ.

ಭಾವ ಎರಡೂ ಕಚೇರಿಗಳ ನಡುವೆ ಹತ್ತು ದಿನ ಓಡಾಡಿದರು. ಎರಡೂ ಒಂದೇ ಕಟ್ಟಡದಲ್ಲಿದ್ದವು, ನಡುವೆ ಒಂದು ಹಲಗೆಯ ಗೋಡೆ. "ಆ ಗೋಡೆ ಮುಕ್ಕಾಲಿಂಚು ಡೊಂಕು," ಎಂದು ಮನೆಗೆ ಬಂದು ಬೇಸರಪಟ್ಟುಕೊಂಡರು. ಇಂಥವರನ್ನು ಏನು ಮಾಡುವುದು ಹೇಳಿ.

ಹನ್ನೊಂದನೆಯ ದಿನ ನಾನೂ ಜೊತೆಗೆ ಹೋದೆ. ಎರಡನೇ ನಗರಸಭೆಯಲ್ಲಿ ಒಬ್ಬ ಹಳೆಯ ಗುಮಾಸ್ತರಿದ್ದರು, ಇನ್ನೇನು ನಿವೃತ್ತಿಯಾಗುವವರು. ಅದಕ್ಕೇ ಇರಬೇಕು, ನಿಜ ಹೇಳಿದರು. "ನೋಡಿ, ಸರ್ವೇಯರ್ ತಪ್ಪು ಮಾಡಿದ್ರು ಅಂತ ಬರೆದ್ರೆ ಈ ಜನ್ಮದಲ್ಲಿ ಕೆಲಸ ಆಗಲ್ಲ. ಇಲಾಖೆ ತಪ್ಪು ಮಾಡಲ್ಲ. ಗೆರೆ ಎಳೆದವರು ನೀವು ತಾನೆ? 'ನಾನು ಎಳೆದ ಗೆರೆ ತಪ್ಪು' ಅಂತ ಒಂದು ವಾಕ್ಯ ಬರೆದುಕೊಡಿ. ವಾರದಲ್ಲಿ ತಿದ್ದುಪಡಿ ಆದೇಶ ಬರುತ್ತೆ, ಆದೇಶದ ಜೊತೆಗೇ ಲೈಸೆನ್ಸು ಕೂಡ."

"ಗೆರೆಯಲ್ಲಿ ತಪ್ಪೇನಿದೆ?" ಎಂದರು ಭಾವ.

"ಅಲ್ಲ ಸ್ವಾಮಿ, ಸುಮ್ನೆ ಬರೆಯೋದು."

"ಲಾರಿ ತಿರುಗೋಕೆ ಎಳೆದದ್ದು. ಲಾರಿ ತಿರುಗುತ್ತೆ. ತಪ್ಪು ಎಲ್ಲಿದೆ ತೋರಿಸಿ."

ಗುಮಾಸ್ತರು ನನ್ನ ಮುಖ ನೋಡಿದರು. ನಾನು ಭಾವನನ್ನು ಎಬ್ಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಬುದ್ಧಿ ಹೇಳಿದೆ, ಬೈದೆ. ಅವರು ಬಸ್ಸಿನ ಕಿಟಕಿಯ ಚೌಕಟ್ಟು ನೋಡುತ್ತಾ ಕೂತಿದ್ದರು. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು.

ಅಕ್ಕ ಮಾರನೆಯ ದಿನ ಯಂತ್ರ ನಿಲ್ಲಿಸಿದಳು. ಆ ಯಂತ್ರ ಕೆಲಸದ ಹೊತ್ತಿನಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ, ಸದ್ದು ಇಲ್ಲದ್ದು ಕೇಳಿ ಅಂಗಡಿ ಬಿಟ್ಟು ಓಡಿದೆ. ಅವಳು ಕೈಗವಸು ತೆಗೆದು ಭಾವನ ಮೇಜಿನ ಮುಂದೆ ನಿಂತಿದ್ದಳು.

"ರೀ, ಮೂವತ್ತು ವರ್ಷ ನಿಮ್ಮ ಗೆರೆ ಮೇಲೆ ಕತ್ತರಿಸಿದೀನಿ. ಒಂದು ತಗಡು ಹಾಳಾಗಿಲ್ಲ, ನನ್ನ ಹತ್ತು ಬೆರಳೂ ಇದೆ. ನಿಮ್ಮ ಗೆರೆ ಎಂಥದ್ದು ಅಂತ ನನಗೆ ಗೊತ್ತು. ಅಷ್ಟು ಸಾಲದಾ? ಕಾಗದದ ಮೇಲೆ ಏನು ಬೇಕಾದ್ರೂ ಇರಲಿ ಬಿಡಿ."

ಭಾವ ತುಂಬ ಹೊತ್ತು ತಮ್ಮ ಉಕ್ಕಿನ ಸ್ಕೇಲನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿ ಮೇಜಿನ ಅಂಚಿಗೆ ಸಮವಾಗಿ ಇಟ್ಟರು. "ಬೋಲ್ಟು, ನೀನೇ ಬರಿ. ನನ್ನ ಕೈಲಿ ಆಗಲ್ಲ," ಎಂದರು. ಅವರ ಧ್ವನಿ ಕೇಳಿ, ಒಂದೇ ವಾಕ್ಯ ಬರೆದು ಮುಗಿಸೋಣ ಎಂದುಕೊಂಡೇ ಎದ್ದೆ, ಸುಳ್ಳು ಹೇಳುವುದಿಲ್ಲ.

ಆದರೆ ಅಂಗಡಿಗೆ ಬಂದು ಪೆನ್ನು ಹಿಡಿದಾಗ ಎದುರಿಗೆ ಹಲಗೆ ಇತ್ತು. ಇಪ್ಪತ್ತು ವರ್ಷದ ಕಾಲಿಂಚು ಇತ್ತು. ಗುಮಾಸ್ತರು ಹೇಳಿದ್ದು ಒಂದು ವಾಕ್ಯ. ನಾನು ಮೂರು ಬರೆದೆ. "ರಸ್ತೆಯ ಮೇಲಿನ ಹಳದಿ ಗೆರೆಯನ್ನು ನಾನು ತಪ್ಪಾಗಿ ಎಳೆದಿರುತ್ತೇನೆ. ನಕ್ಷೆಯ ಮೇಲಿನ ತಿರುವನ್ನೂ ತಪ್ಪಾಗಿ ಎಳೆದಿರುತ್ತೇನೆ. ಗೆರೆ ಎಳೆಯುವ ಕೆಲಸದಲ್ಲಿ ನನಗೆ ಯಾವುದೇ ಶಿಕ್ಷಣವಾಗಲಿ ತರಬೇತಿಯಾಗಲಿ ಇಲ್ಲದಿದ್ದು, ನನ್ನ ಅಳತೆಗಳು ನಂಬಲು ಯೋಗ್ಯವಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ." ಮೂರನೆಯದನ್ನು ಬರೆಯುವಾಗ ಎಷ್ಟು ಹಾಯೆನಿಸಿತೆಂದರೆ ಎರಡು ಸಲ ಓದಿಕೊಂಡೆ. ಸರ್ಕಾರಿ ಕಾಗದ ಹೀಗೇ ಇರಬೇಕು, ಇಲ್ಲದಿದ್ದರೆ ಅವರು ಒಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಭಾವ ಪ್ರತಿ ಸಾಲಿನ ಕೆಳಗೂ ಸ್ಕೇಲಿಟ್ಟು ಓದಿದರು. ಮೂರನೆಯ ವಾಕ್ಯದಲ್ಲಿ ಸ್ಕೇಲು ಸ್ವಲ್ಪ ಹೊತ್ತು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಸಹಿ ಹಾಕಿದರು, ಗೆರೆಯಿಲ್ಲದ ಕಾಗದದ ಮೇಲೆ, ದಾರ ಹಿಡಿದಷ್ಟು ನೇರವಾಗಿ.

ಗುಮಾಸ್ತರು ಮಾತು ಉಳಿಸಿಕೊಂಡರು. ತಿಂಗಳು ಮುಗಿಯಲು ಒಂದು ದಿನ ಇರುವಾಗ ಆದೇಶವೂ ಬಂತು, ಲೈಸೆನ್ಸೂ ಬಂತು. ಶೆಡ್ಡು ವಾಪಸು ಎರಡನೇ ನಗರಸಭೆಗೆ. ಮರುದಿನವೇ ಇಲಾಖೆಯ ಗುತ್ತಿಗೆದಾರ ಬಂದು ಭಾವನ ಹಳದಿ ಗೆರೆಯ ಮೇಲೆ ಡಾಂಬರು ಬಳಿದು, ಮೋರಿ ಸೇತುವೆಯವರೆಗೆ ಬಿಳಿ ಗೆರೆ ಎಳೆದ. ಹಾವು ಕುಡಿದು ಹೋದ ಹಾಗೆ ಇತ್ತು ಅದು. ಒಂದು ಕಡೆ ಗೆರೆಯ ದಾರಿಯಲ್ಲಿ ಯಾರದೋ ಸೈಕಲ್ಲು ನಿಂತಿತ್ತು, ಗೆರೆ ಅದಕ್ಕೆ ಮರ್ಯಾದೆ ಕೊಟ್ಟು ಸುತ್ತಿಕೊಂಡು ಹೋಯಿತು. ನೋಡಲು ಬಂದ ಅಧಿಕಾರಿ "ಈಗ ಸರಿಹೋಯ್ತು" ಎಂದರು. ಅದೇ ವಾರ ಒಂದು ಲಾರಿ ಭಾವನ ಗೋಡೆಯ ಮೂಲೆ ಕಿತ್ತುಕೊಂಡು ಹೋಯಿತು.

ಇರಲಿ, ಗೋಡೆ ಕಟ್ಟಿಸಬಹುದು. ಲೈಸೆನ್ಸು ಉಳಿಯಿತಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅಕ್ಕ ಅದನ್ನು ದೊಡ್ಡ ಕಾರ್ಖಾನೆಗೆ ತಲುಪಿಸಿದಳು. ಲೈಸೆನ್ಸಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಲಗತ್ತು: ತಿದ್ದುಪಡಿ ಆದೇಶ, ಅರ್ಜಿದಾರರ ತಪ್ಪೊಪ್ಪಿಗೆ ಪತ್ರ" ಎಂದಿತ್ತು. ಲಗತ್ತುಗಳಿಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದಕ್ಕೆ ಅವನ್ನೂ ಸೇರಿಸಿಯೇ ಕೊಟ್ಟಿದ್ದಳು.

ಹದಿನೈದು ದಿನಕ್ಕೆ ಕಾರ್ಖಾನೆಯ ಗುಣಮಟ್ಟ ವಿಭಾಗದಿಂದ ಪತ್ರ ಬಂತು. ಬಹಳ ವಿನಯದ ಪತ್ರ. ಲೈಸೆನ್ಸು ಕ್ರಮಬದ್ಧವಾಗಿದೆ ಎಂದು ಮೊದಲು ಅಭಿನಂದನೆ. ಆಮೇಲೆ, ಗೆರೆ ಎಳೆಯುವ ಕೆಲಸದಲ್ಲಿ ತಮಗೆ ತರಬೇತಿ ಇಲ್ಲವೆಂದೂ ತಮ್ಮ ಅಳತೆಗಳು ನಂಬಲು ಯೋಗ್ಯವಲ್ಲವೆಂದೂ ತಾವೇ ಸರ್ಕಾರಕ್ಕೆ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ನಮ್ಮ ನಿಯಮಾವಳಿಯಂತೆ ತಮಗೆ ಈ ಕೆಲಸ ಕೊಡುವುದನ್ನು ಮುಂದುವರಿಸಲು ವಿಷಾದಪೂರ್ವಕವಾಗಿ ಸಾಧ್ಯವಿಲ್ಲ. ಮೂವತ್ತು ವರ್ಷ ಅವರು ತಯಾರಿಸುವ ಯಂತ್ರಗಳ ಮೈಗೆಲ್ಲ ಭಾವ ಗೆರೆ ಎಳೆದುಕೊಟ್ಟಿದ್ದರು. ಒಂದು ತಗಡೂ ವಾಪಸು ಬಂದಿರಲಿಲ್ಲ. ಅದನ್ನು ಯಾರೂ ತೆಗೆದು ನೋಡಲಿಲ್ಲ, ಕಾಗದ ನೋಡಿದರು.

ಪತ್ರವನ್ನು ಅಕ್ಕ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ನನ್ನ ಕಡೆ ತಿರುಗಿದಳು. "ಗುಮಾಸ್ತರು ಎಷ್ಟು ವಾಕ್ಯ ಬರೀ ಅಂದಿದ್ರೋ ನಿನಗೆ?"

ಎರಡು ನಗರಸಭೆ, ಸರ್ವೇಯರು, ನೋಟಿಸು, ಎಲ್ಲರನ್ನೂ ಬೈದುಕೊಂಡು ಓಡಾಡಿದ ನಾನೇ ಕೊನೆಗೆ ಶೆಡ್ಡಿನ ಬಾಗಿಲು ಹಾಕಿದವನು. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಳು, ಭಾವ ತಡೆದರು.

"ಅವನನ್ನ ಬಯ್ಯಬೇಡ. ಕಾರ್ಖಾನೆಯವರನ್ನೂ ಬಯ್ಯಬೇಡ. ಕತ್ತರಿಸೋರು ಯೋಚನೆ ಮಾಡಲ್ಲ. ಗೆರೆ ಎಲ್ಲಿದೆಯೋ ಅಲ್ಲೇ ಹೋಗ್ತಾರೆ." ಆಮೇಲೆ ನನ್ನತ್ತ ನೋಡಿ, "ನೇರವಾಗೇ ಎಳೆದಿದೀಯ, ಬೋಲ್ಟು," ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

ಈಗ ಶೆಡ್ಡಿನಲ್ಲಿ ಯಂತ್ರ ವಾರಕ್ಕೆ ಎರಡು ದಿನ ಓಡಿದರೆ ಹೆಚ್ಚು. ಅಕ್ಕ ಬಾಗಿಲು ಕಿಟಕಿಯ ಜಾಲರಿ, ನೀರಿನ ತೊಟ್ಟಿಯ ಮುಚ್ಚಳ ಹೀಗೆ ಸಿಕ್ಕಿದ್ದನ್ನು ಹಿಡಿದು ತರುತ್ತಾಳೆ. ಕೆಲಸಗಾರರಲ್ಲಿ ಒಬ್ಬ ಬಿಟ್ಟುಹೋದ. ನಾನು ಕಾರ್ಖಾನೆಗೆ ಮೂರು ಸಲ ಹೋಗಿ, ಆ ವಾಕ್ಯ ಬರೆದದ್ದು ನಾನು, ಭಾವ ಅಲ್ಲ ಎಂದು ಹೇಳಿದೆ. ಹಾಗಾದರೆ ಸಹಿ ಯಾರದ್ದು ಎಂದು ಕೇಳಿದರು. ಲೈಸೆನ್ಸು ಮಾತ್ರ ಗೋಡೆಯ ಮೇಲಿದೆ, ಮೂರು ವರ್ಷಕ್ಕೆ ಚಾಲ್ತಿಯಲ್ಲಿದೆ.

ಭಾವ ಇವತ್ತಿಗೂ ಬೆಳಿಗ್ಗೆ ಅಂಗಡಿಗೆ ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, ಹಲಗೆಯತ್ತ ನೋಡುತ್ತಾರೆ, ಸುಮ್ಮನಿರುತ್ತಾರೆ. ಮೊನ್ನೆ ನನಗೆ ತಡೆಯಲಾಗಲಿಲ್ಲ. "ಭಾವ, ಹಲಗೆ ಕಾಲಿಂಚು ಇಳಿದಿದೆ ಅಲ್ವಾ? ಹೇಳಿ, ಇವತ್ತೇ ಸರಿಮಾಡ್ತೀನಿ," ಎಂದೆ.

ಅವರು ಟೀ ಲೋಟವನ್ನು ಕೆಳಗಿಟ್ಟರು. "ನನ್ನನ್ನ ಕೇಳಬೇಡಪ್ಪ," ಎಂದರು. "ನನ್ನ ಅಳತೆ ನಂಬೋ ಹಾಗಿಲ್ಲ."